ಒಂದು ನಿಮಿಷದ ನಾಡಿ

ಗಡಹಿಂಗ್ಲಜ
12 ಸೆಪ್ಟೆಂಬರ್ 1964

ನಿದ್ದೆಯಲ್ಲೂ ಓಡುತ್ತಿರುವವರನ್ನು ನಾನು ಮೇಜಿನ ಮೇಲೆ ಮಲಗಿಸುವುದಿಲ್ಲ ಎಂದು ಡಾಕ್ಟರು ಅಂದರೋ, ಅಂಥವರ ಕುತ್ತಿಗೆಗೆ ಕೈ ಹಾಕುವುದಿಲ್ಲ ಎಂದರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ, ಮಾಣಿಕಾ. ನೀನೂ ನಿನ್ನ ಯಜಮಾನ ಜಿನಪಾಲರೂ ಆಗಲೇ ಮೆಟ್ಟಿಲಿಳಿದಿದ್ದಿರಿ. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಡಾಕ್ಟರು ಕೈ ತೊಳೆಯುತ್ತ, ನನ್ನ ಕಡೆ ನೋಡದೆಯೇ, ಮರಾಠಿಯಲ್ಲಿ ಆ ಮಾತು ಹೇಳಿದರು. ಕೊಲ್ಲಾಪುರದಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಬೆದರಿಕೆಯೇನಲ್ಲ. ಒಂದು ನಿಯಮ, ಅಷ್ಟೆ.

ನಿಯಮವನ್ನು ಮತ್ತೊಮ್ಮೆ ಬರೆಯುತ್ತೇನೆ. ಅಲ್ಲಿ ನೀವಿಬ್ಬರೂ ತಲೆಯಾಡಿಸಿದ ರೀತಿ ನೋಡಿದರೆ ಕೇಳಿಸಿಕೊಂಡಂತೆ ಕಾಣಲಿಲ್ಲ. ನಿನ್ನ ಕುತ್ತಿಗೆಯ ಗಡ್ಡೆ ಮೈಯನ್ನೆಲ್ಲ ಅವಸರಕ್ಕೆ ಹಚ್ಚಿದೆ. ಗುಳಿಗೆಗಳಿಂದ ಮೊದಲು ಆ ಅವಸರ ಇಳಿಯಬೇಕು. ದಿನಾಲು ಬೆಳಿಗ್ಗೆ, ಎಚ್ಚರಾದ ಮೇಲೆ, ಹಾಸಿಗೆಯಿಂದ ಏಳುವ ಮುನ್ನ, ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ವಹಿಯಲ್ಲಿ ಬರೆಯಬೇಕು. ಈಗ ನೂರಾ ಹದಿನೆಂಟು ಇದೆ. ಅದು ತೊಂಬತ್ತರ ಕೆಳಗೆ ಬಂದು ಹತ್ತು ದಿನ ಅಲ್ಲೇ ನಿಲ್ಲಬೇಕು. ಆಮೇಲೆ ಅಯೋಡಿನ್ ಹನಿ, ಆಮೇಲೆ ಶಸ್ತ್ರಕ್ರಿಯೆ. ಆಸ್ಪತ್ರೆಯಲ್ಲಿ ಎಣಿಸಿದ್ದಕ್ಕಿಂತ ಮನೆಯಲ್ಲಿ ಎಣಿಸಿದ್ದನ್ನೇ ಅವರು ಹೆಚ್ಚು ನಂಬುತ್ತಾರಂತೆ; ಆಸ್ಪತ್ರೆಯ ಹೊಸ್ತಿಲು ದಾಟಿದೊಡನೆ ಎಲ್ಲರ ನಾಡಿಯೂ ಏರುತ್ತದೆ.

ತೊಂಬತ್ತರ ಮೇಲಿರುವಾಗಲೇ ಕೊಯ್ದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅವರು ಟವೆಲ್ಲಿಗೆ ಕೈ ಒರೆಸಿಕೊಂಡರು.

ಅಂಕಿಗಳನ್ನು ಆಗಾಗ ಕಳಿಸು. ಗಣಿತದ ಮಾಸ್ತರನ ಮನೆಯಲ್ಲಿ ಗ್ರಾಫ್ ಹಾಳೆಗಳಿಗೆ ಬರವಿಲ್ಲ.

ನಿನ್ನ ಅಣ್ಣ
ಜಿನದತ್ತ


ಇಚಲಕರಂಜಿ
24 ಸೆಪ್ಟೆಂಬರ್ 1964

ಅಣ್ಣಾ, ಜಯ ಜಿನೇಂದ್ರ.

ಹೋದ ವಾರದ ಅಂಕಿಗಳು ಇಲ್ಲಿವೆ. 118, 116, 117, 117, 115, 116, 114. ಮನೆಯವರು ಬರೆದಿಟ್ಟದ್ದನ್ನು ನಾನು ನಕಲು ಮಾಡಿದ್ದೇನೆ. ನನಗೆ ಈಗ ಮಲಗುವುದೇ ಉದ್ಯೋಗ. ಮಾಳಿಗೆಯ ಕೋಣೆಯಲ್ಲಿ ಹಾಸಿಗೆ ಹಾಕಿದ್ದಾರೆ. ಕೆಳಗೆ ಆರೂ ಮಗ್ಗಗಳು ಬಡಿಯುತ್ತಿರುತ್ತವೆ, ಮೇಲೆ ನಾನು ಸೂರಿನ ತೊಲೆ ನೋಡುತ್ತಿರುತ್ತೇನೆ.

ಎಣಿಸುವುದು ಹೇಗೆ ಎಂದು ಮೊದಲ ದಿನ ಜಗಳವೇ ಆಯಿತು. ನಮ್ಮ ಗೋಡೆಯ ಗಡಿಯಾರಕ್ಕೆ ಸೆಕೆಂಡಿನ ಮುಳ್ಳಿಲ್ಲ. ನಿಮಿಷದ ಮುಳ್ಳು ಒಮ್ಮೆ ತಡೆಯುತ್ತದೆ, ಒಮ್ಮೆ ಜಿಗಿಯುತ್ತದೆ. ಪಕ್ಕದವರ ಕೈಗಡಿಯಾರ ಕೇಳೋಣ ಎಂದೆ. ಇವರಿಗೆ ಸಿಟ್ಟು ಬಂತು.

“ಗಡಿಯಾರ ತಪ್ಪೀತು, ನನ್ನ ಮಗ್ಗ ತಪ್ಪೂದಿಲ್ಲ. ನಿಮಿಷಕ್ಕ ನೂರಾ ಇಪ್ಪತ್ತು ಹೊಡತ. ಹದಿನಾಕು ವರ್ಷ ಆತು, ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ.”

“ಮಗ್ಗದ ಹೊಡತ ಎಣಸ್ತಿಯೋ, ಆಕಿ ನಾಡಿ ಎಣಸ್ತಿಯೋ? ನಿನಗೇನು ಎರಡು ತಲಿ ಅದಾವ?” ಎಂದರು ಅತ್ತೆ.

“ನಿನ್ನ ಜಪದ ಮಣಿ ಯಾತಕ್ಕ ಅದಾವಬೇ, ಅವ್ವಾ?”

ಹಾಗೆ ನಿರ್ಧಾರವಾಯಿತು. ಬೆಳಿಗ್ಗೆ ಅತ್ತೆ ಜಪಮಾಲೆ ಹಿಡಿದು ಮಾಳಿಗೆಯ ಬಾಗಿಲಲ್ಲಿ ಕೂಡುತ್ತಾರೆ. ಆ ಹೊತ್ತಿಗೆ ಕೆಳಗೆ ಒಂದೇ ಮಗ್ಗ ಹಚ್ಚಿರುತ್ತದೆ; ಅದು ಎರಡು ಸಲ ಹೊಡೆದರೆ ಒಂದು ಮಣಿ. ಅರವತ್ತು ಮಣಿಗೆ ಒಂದು ನಿಮಿಷ. ಅರವತ್ತನೆಯ ಮಣಿಗೆ ಕೆಂಪು ದಾರ ಕಟ್ಟಿದ್ದಾರೆ; ಬೆರಳಿಗೆ ಅದು ತಾಕಿದೊಡನೆ “ಹೂಂ” ಎನ್ನುತ್ತಾರೆ. ಇವರು ನನ್ನ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾರೆ. ಐವತ್ತು ವರ್ಷ ಮಣಿ ತಿರುಗಿಸಿದ ಬೆರಳು, ಒಂದೂ ತಪ್ಪುವುದಿಲ್ಲ.

“ಇಷ್ಟು ದಿವಸ ಭಗವಂತನ ಹೆಸರಿಲೆ ಎಣಿಸಿದ್ನಿ, ಈಗ ಮಗ್ಗದ ಹೆಸರಿಲೆ. ಪುಣ್ಯ ಬಂತಂದ್ರ ನನಗೋ, ಮಗ್ಗಕ್ಕೋ?” ಎಂದು ಅತ್ತೆ ದಿನಾ ಕೇಳುತ್ತಾರೆ.

ನನಗೆ ಬೇರೇನೂ ತೊಂದರೆಯಿಲ್ಲ. ಅಂಗಾತ ಮಲಗಿದರೆ ಗಂಟಲಲ್ಲಿ ಯಾರೋ ಕೂತಂತೆ ಆಗುತ್ತದೆ. ಅದು ಮೊದಲೂ ಇತ್ತು.

ಮಾಣಿಕ


ಗಡಹಿಂಗ್ಲಜ
2 ಅಕ್ಟೋಬರ್ 1964

ಮಾಣಿಕಾ,

ಜಿನಪಾಲರ ಉಪಾಯ ನನಗೆ ಬಹಳ ಹಿಡಿಸಿತು. ಕಾಲವನ್ನು ಅಳೆಯಲು ಗಡಿಯಾರವೇ ಬೇಕೆಂದು ಯಾರು ಹೇಳಿದರು? ತಪ್ಪದೆ ಮರಳಿ ಬರುವ ಯಾವುದಾದರೂ ಸಾಕು. ನನ್ನ ಕೈಗಡಿಯಾರವನ್ನು ಕಳಿಸಬೇಕೆಂದಿದ್ದವನು ನಿನ್ನ ಪತ್ರ ಓದಿ ಸುಮ್ಮನಾದೆ. ಶಾಲೆಯಲ್ಲಿ ಅದಿಲ್ಲದೆ ನನಗೂ ಕಷ್ಟ.

ಒಂಬತ್ತನೆಯ ತರಗತಿಗೆ ಇದನ್ನೇ ಉದಾಹರಣೆಯಾಗಿ ಹೇಳಿದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, “ಸರ್, ಕರೆಂಟ್ ಕಮ್ಮಿ ಆಗಿ ಮಗ್ಗ ಸಾವಕಾಶ ನಡದ್ರ?” ಎಂದಳು. ಹಾಗಾದರೆ ನಾಡಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಅದರಿಂದ ಕೇಡಿಲ್ಲ, ಕಾಯುವುದು ಇನ್ನಷ್ಟು ದಿನವಾಗುತ್ತದೆ ಅಷ್ಟೆ ಎಂದೆ. ಇನ್ನೊಂದು ಬದಿಯ ಪ್ರಶ್ನೆಯನ್ನು ಅವಳು ಕೇಳಲಿಲ್ಲ. ಗಂಟೆಯೂ ಹೊಡೆಯಿತು.

ಗಂಟಲಲ್ಲಿ ಕೂತವರ ವಿಷಯವನ್ನು ಡಾಕ್ಟರಿಗೆ ಹೇಳಿದ್ದೀಯಾ?

ಜಿನದತ್ತ


ಇಚಲಕರಂಜಿ
27 ಅಕ್ಟೋಬರ್ 1964

ಅಣ್ಣಾ,

ನಿಮಗೊಂದು ಆಶ್ಚರ್ಯ. 112, 111, 110, 110. ಖಂಡೇನವಮಿ ಮತ್ತು ದಸರೆಯ ಎರಡು ದಿನ ಮಗ್ಗಗಳಿಗೆ ಪೂಜೆ, ಎಲ್ಲ ನಿಂತಿದ್ದವು, ಆದ್ದರಿಂದ ಎಣಿಕೆಯಿಲ್ಲ. ಮಾರನೆಯ ದಿನದಿಂದ 92, 91, 91, 90, 90, 89! ಗ್ರಾಫಿನಲ್ಲಿ ಇದನ್ನು ಹೇಗೆ ತೋರಿಸುತ್ತೀರೋ. ಅತ್ತೆ ಪದ್ಮಾವತಿಗೆ ಉಡಿ ತುಂಬುವ ಹರಕೆ ಹೊತ್ತಿದ್ದರಂತೆ. ಇವರು ಗುಳಿಗೆಯ ಗುಣ ಎನ್ನುತ್ತಾರೆ. ಇಬ್ಬರಿಗೂ ನಾನು ಹೌದೆನ್ನುತ್ತೇನೆ.

ಕೈ ನಡುಗುವುದು ಮಾತ್ರ ನಿಂತಿಲ್ಲ. ನಿನ್ನೆ ಹಾಲಿನ ಲೋಟ ಬಿತ್ತು. ಬೆವರುತ್ತೇನೆ. ಇನ್ನೊಂದು, ನಗಬೇಡಿ: ಮಗ್ಗಗಳು ಕೂಡ ನನಗೆ ಈಗ ಬೇಗ ಬೇಗ ಹೊಡೆದಂತೆ ಕೇಳುತ್ತವೆ. ಮೈಯೆಲ್ಲ ಅವಸರಕ್ಕೆ ಬಿದ್ದಿದೆ ಎಂದು ಡಾಕ್ಟರು ಅಂದರಲ್ಲ, ಅದು ಕಿವಿಗೂ ಬಂದಿರಬೇಕು. ಇವರಿಗೆ ಹೇಳಲಿಲ್ಲ. ಇಳಿಯುತ್ತಿರುವ ಅಂಕಿ ನೋಡಿ ಎಷ್ಟೋ ದಿನಗಳ ಮೇಲೆ ನಕ್ಕಿದ್ದಾರೆ.

ಕೆಳಗೆ ನಾಲ್ಕು ಸಾಲು ತಾವೇ ಬರೆದು ಲಕೋಟೆ ಅಂಟಿಸುತ್ತಾರಂತೆ. ನನಗೆ ಓದಲು ಕೊಡುವುದಿಲ್ಲವಂತೆ.

ಮಾಣಿಕ

ಮಾಸ್ತರರಿಗೆ ನಮಸ್ಕಾರ. ನೀವು ದೀವಳಿಗೆಗೆ ಬರ್ರಿ. ಹಬ್ಬದ ಮಾಲಿಗಾಗಿ ನವಮಿ ದಿವಸ ಮಗ್ಗ ರಿಪೇರಿ ರಾಯಪ್ಪನ ಕಡಿಂದ ಎಲ್ಲಾ ಮಗ್ಗಕ್ಕೂ ಹೊಸ ಪುಲ್ಲಿ ಹಾಕಿಸೇನಿ. ಆಕಿಗೆ ಹೇಳಿಲ್ಲ, ಆಕಿ ಆರಾಮ ಆಗೂತನಕ ಹೊಸ ಉದ್ಯೋಗ ತಗಿಯೂದಿಲ್ಲ ಅಂತ ಮಾತು ಕೊಟ್ಟಿದ್ನಿ. ಈ ಮನ್ಯಾಗ ಆಕಿ ಒಬ್ಬಾಕಿ ಸಾವಕಾಶ ಆಗಾಕತ್ಯಾಳ, ಉಳಿದದ್ದೆಲ್ಲಾ ಜೋರ ನಡದೈತಿ. — ಜಿನಪಾಲ


ಗಡಹಿಂಗ್ಲಜ
10 ನವೆಂಬರ್ 1964

ಮಾಣಿಕಾ,

ಮರಳಿ ಬಂದು ಮೂರು ದಿನವಾಯಿತು. ನಾನು ಬಂದ ಮಧ್ಯಾಹ್ನ ನೀನು ಮಲಗಿದ್ದೆ. ಎಬ್ಬಿಸಬೇಡಿ ಎಂದು ಹೇಳಿ ನಿನ್ನ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದೆ. ಮುಖ ಕೆಂಪಗಿತ್ತು. ಗಡ್ಡೆ ನಿನಗಿಂತ ಬೇರೆಯದೇ ಒಂದು ಜೀವದಂತೆ ಮಿಡಿಯುತ್ತಿತ್ತು.

ಆಮೇಲೆ ಜಿನಪಾಲರು ವಹಿ ತಂದು ತೋರಿಸಿದರು. ಅಂದು ಬೆಳಗಿನದು 88. ಅವರು ವಹಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. “ನೋಡ್ರಿ ಮಾಸ್ತರ, ನಿಮ್ಮ ಸಾಲಿಯಾಗ ಇಂಥಾ ಹುಶಾರ ಹುಡುಗರ ಅದಾರೇನು?” ಎಂದರು. ನನಗೆ ಏನೋ ಕೇಳುವುದಿತ್ತು. ಅವರು ನಿಂತ ರೀತಿ ನೋಡಿ ಬಿಟ್ಟುಬಿಟ್ಟೆ.

ಹಠಾತ್ತನೆ ಇಳಿಯುವ ಗೆರೆಯನ್ನು ಅನುಮಾನದಿಂದ ನೋಡಬೇಕೆಂದು ನಾನು ಮಕ್ಕಳಿಗೆ ಕಲಿಸುತ್ತೇನೆ. ಆದರೆ ಮೈ ಎನ್ನುವುದು ಗಣಿತವಲ್ಲ. ಹಬ್ಬದ ಮನೆ, ಅಣ್ಣ ಬಂದಿದ್ದಾನೆ, ಕೆಳಗೆ ಗದ್ದಲ. ಯಾವುದು ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಎಂದು ಹೇಳಲು ನಾನು ಯಾರು?

ಡಾಕ್ಟರು ಹೇಳಿದಂತೆ ನಡೆದುಕೋ.

ಜಿನದತ್ತ


ಇಚಲಕರಂಜಿ
22 ನವೆಂಬರ್ 1964

ಅಣ್ಣಾ,

ದಿನ ಗೊತ್ತಾಯಿತು. ಡಿಸೆಂಬರ್ ಮೂರು. ಡಾಕ್ಟರು ವಹಿ ನೋಡಿ “ಉತ್ತಮ” ಎಂದರು. ಅಲ್ಲಿಯ ಸಿಸ್ಟರ್ ಎಣಿಸಿದಾಗ ನೂರಾ ಎಂಟು ಬಂತು. “ಘಾಬರೂ ನಕಾ ಬಾಯಿ, ಹೆದರಬೇಡಿ, ಇಲ್ಲಿಗೆ ಬಂದವರೆಲ್ಲ ಹೀಗೇ” ಎಂದು ನಕ್ಕಳು. ಮನೆಯ ವಹಿಯನ್ನೇ ಕಾಗದಕ್ಕೆ ಇಳಿಸಿಕೊಂಡಳು.

ಅಯೋಡಿನ್ ಶುರುವಾಗಿದೆ. ಕಂದು ಬಣ್ಣದ ನೀರು, ಹಾಲಿನಲ್ಲಿ ಹತ್ತು ಹನಿ, ದಿನಕ್ಕೆ ಮೂರು ಸಲ. ಹೊತ್ತು ಮುಳುಗಿದ ಮೇಲೆ ನಾನು ಏನೂ ಬಾಯಿಗೆ ಹಾಕುವುದಿಲ್ಲವಲ್ಲ, ಮೂರನೆಯದನ್ನು ದನ ಮನೆಗೆ ಬರುವ ಹೊತ್ತಿಗೇ ಕುಡಿದು ಮುಗಿಸುತ್ತೇನೆ. ಬಾಯಲ್ಲಿ ಇಡೀ ದಿನ ತುಕ್ಕು ಹಿಡಿದ ಕೀಲಿ ಇಟ್ಟುಕೊಂಡ ಹಾಗೆ. ಹೆಗಲ ಕೆಳಗೆ ದಿಂಬಿಟ್ಟು, ತಲೆ ಹಿಂದಕ್ಕೆ ಬಾಗಿಸಿ ಮಲಗುವ ರೂಢಿ ಮಾಡಿಕೋ ಎಂದಿದ್ದಾರೆ. ಹಾಗೆ ಮಲಗಿದರೆ ಉಸಿರು ಕಟ್ಟುತ್ತದೆ. ಹತ್ತು ಎಣಿಸುವವರೆಗೆ ಇರುತ್ತೇನೆ, ಏಳುತ್ತೇನೆ.

ಕೊರಳಲ್ಲಿ ಏನೂ ಇರಕೂಡದಂತೆ. ಆಮೇಲೆಯೂ, ಗಾಯ ಮಾಯುವವರೆಗೆ, ಎರಡು ತಿಂಗಳು.  ಕೇಳಿದ ಮರುದಿನ ಅತ್ತೆ ತಾವೇ ಬಂದು, “ಬೋಳ ಕೊರಳ ನೋಡಾಕ ನನ್ನ ಕಣ್ಣಿಗೆ ಆಗೂದಿಲ್ಲ. ರಟ್ಟಿಗೆ ಕಟ್ಟಿಕೋ. ಗಂಡ ಕೊರಳಾಗ ಇದ್ರೇನು, ರಟ್ಟಿನ್ಯಾಗ ಇದ್ರೇನು, ಕೆಳಗ ಬೀಳದಿದ್ರ ಸಾಕು” ಎಂದರು. ಮಂಗಳಸೂತ್ರವನ್ನು ಎಡತೋಳಿಗೆ ಕಟ್ಟಿದರು. ಇವರು ನಗಲಿಲ್ಲ.

ನನಗೆ ಹೆದರಿಕೆಯಿಲ್ಲ, ಅಣ್ಣಾ. ಎಲ್ಲರೂ ಸರಿಯಾಗಿ ಎಣಿಸಿದ್ದಾರೆ.

ಮಾಣಿಕ


ಕೊಲ್ಲಾಪುರ
30 ಡಿಸೆಂಬರ್ 1964

ಅಣ್ಣಾ,

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಒತ್ತಿ ಬರೆಯಲು ಆಗುವುದಿಲ್ಲ. ನೀವು ಬಂದಿದ್ದಿರಂತೆ. ನಿಮ್ಮನ್ನು ಅಪ್ಪ ಎಂದು ಕರೆದೆನಂತೆ, ಬಾವಿಯ ಹತ್ತಿರ ಹೋಗಬೇಡ ಎಂದು ಬೈದೆನಂತೆ. ನನಗೆ ಒಂದೂ ನೆನಪಿಲ್ಲ.

ಇವರು ಹೇಳಿದ್ದಷ್ಟು ಗೊತ್ತು. ಬಲಗಡೆಯ ಗಡ್ಡೆ ತೆಗೆಯುವಷ್ಟರಲ್ಲಿ ನನ್ನ ನಾಡಿ ನೂರಾ ಎಪ್ಪತ್ತಕ್ಕೆ ಹೋಯಿತು. ಡಾಕ್ಟರು ಎಡಗಡೆ ಮುಟ್ಟದೆ ಹೊಲಿದುಬಿಟ್ಟರು. ಆಮೇಲೆ ನಾಲ್ಕು ದಿನ ಜ್ವರ, ನೂರಾ ಆರರವರೆಗೆ. ಮೈತುಂಬ ಮಂಜುಗಡ್ಡೆ ಇಟ್ಟರಂತೆ. ಹೊಲಿಗೆ ಕಿತ್ತುಕೊಳ್ಳುತ್ತೇನೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದರಂತೆ. ಮಣಿಕಟ್ಟಿನ ಮೇಲೆ ಅದರ ಗುರುತು ಇನ್ನೂ ಇದೆ.

ಯಾಕೆ ಹೀಗಾಯಿತೆಂದು ಯಾರಿಗೂ ತಿಳಿಯದು. ಡಾಕ್ಟರು ದಿನಾ ಬಂದು ವಹಿ ತಿರುವಿ ನೋಡುತ್ತಾರೆ. “ಎಂಬತ್ತೆಂಟು, ಎಂಬತ್ತೆಂಟು” ಎಂದು ತಮಗೇ ಹೇಳಿಕೊಂಡು ಹೋಗುತ್ತಾರೆ.

ನನ್ನ ದನಿ ಒಡೆದಿದೆ. ನೀರು ಕೇಳಿದರೆ ಬೇರೆ ಹೆಂಗಸು ಕೇಳಿದಂತಾಗುತ್ತದೆ. ಬರುತ್ತದೆ ಎನ್ನುತ್ತಾರೆ. ಉಳಿದರ್ಧ ಗಡ್ಡೆಯನ್ನು ಬೇಸಿಗೆ ಕಳೆದ ಮೇಲೆ ತೆಗೆಯಬೇಕು. ಎಲ್ಲ ಮೊದಲಿನಿಂದ.

ಮಾಣಿಕ


ಗಡಹಿಂಗ್ಲಜ
6 ಜನವರಿ 1965

ಮಾಣಿಕಾ,

ನಿನ್ನ ಅಕ್ಷರ ನೋಡಿ ಸಮಾಧಾನವಾಯಿತು. ಅಂದು ವರಾಂಡದಲ್ಲಿ ಸಿಸ್ಟರ್ ನನಗೆ ಗಾಯದ ಆರೈಕೆಯ ವಿಷಯವನ್ನೆಲ್ಲ ಹೇಳಿದ್ದರು. 

ಕೆಮ್ಮು ಬಂದರೆ, ಏಳುವಾಗ, ತಿರುಗುವಾಗ, ಎರಡೂ ಕೈಗಳನ್ನು ತಲೆಯ ಹಿಂದೆ ಹೆಣೆದು ತಲೆಯ ಭಾರ ಹಿಡಿದುಕೋ. ಹೊಲಿಗೆಯ ಮೇಲೆ ಎಳೆತ ಬೀಳಬಾರದು. ಕೊಡ ಎತ್ತಬೇಡ. ಹಕ್ಕಳೆ ತಾನಾಗಿ ಉದುರಲಿ, ಉಗುರು ತಾಗಿಸಬೇಡ. ಉದುರಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳ ತುದಿಯಿಂದ ದಿನಕ್ಕೆರಡು ಸಲ, ಮೆಲ್ಲಗೆ ಒತ್ತಿ ತಿಕ್ಕಬೇಕು. ತಿಕ್ಕದಿದ್ದರೆ ಗಾಯ ಒಳಗಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ, ನುಂಗಿದಾಗಲೆಲ್ಲ ಚರ್ಮ ಮೇಲೆ ಕೆಳಗೆ ಹೋಗುತ್ತದೆ. ಬಿಸಿಲು ಬೀಳದಂತೆ ಸೆರಗು ಹೊದ್ದುಕೋ. ಆರು ತಿಂಗಳೊಳಗೆ ಬಿಸಿಲು ಬಿದ್ದರೆ ಕಲೆ ಕಪ್ಪಾಗಿ ಉಳಿಯುತ್ತದೆ. ಬೆರಳು, ತುಟಿ ಜುಮುಗುಟ್ಟಿದರೆ ಕೂಡಲೇ ಡಾಕ್ಟರಿಗೆ ಹೇಳು.

ಕಾರಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಕೆಲವರ ಮೈ ಹಾಗೆ.

ಜಿನದತ್ತ


ಇಚಲಕರಂಜಿ
25 ಫೆಬ್ರವರಿ 1965

ಅಣ್ಣಾ,

ಕಾರಣ ಸಿಕ್ಕಿತು.

ಹೋದ ವಾರ ನೂಲಿನ ವ್ಯಾಪಾರಿಯೊಬ್ಬ ಬಂದಿದ್ದ. ಕೆಳಗೆ ಚಹಾ ಕುಡಿಯುತ್ತ ಇವರು ತಮ್ಮ ಮಗ್ಗದ ಪದ್ಯ ಹಾಡುತ್ತಿದ್ದರು, ನಿಮಿಷಕ್ಕೆ ನೂರಾ ಇಪ್ಪತ್ತು ಎಂದು. ಮಗ್ಗ ರಿಪೇರಿ ಮಾಡುವ ರಾಯಪ್ಪ ಅಲ್ಲೇ ಎಣ್ಣೆ ಬಿಡುತ್ತಿದ್ದ.

“ಅದು ಹಳೇ ಮಾತು ಆತ್ರಿ ಮಾಲಕ. ದಸರಾಕ್ಕ ಪುಲ್ಲಿ ಬದಲಿ ಮಾಡಿದ ಮ್ಯಾಲ ನೂರಾ ನಲವತ್ನಾಕು ಹೊಡಿಯಾಕತ್ತಾವು. ನೀವ ಹೇಳಿ ಮಾಡ್ಸೀರಿ, ಮರತ್ರೇನು?”

ನಾನು ಮೆಟ್ಟಿಲ ಮೇಲೆ ಕೂತು ನೂಲಿನ ಕಾಂಡಿ ಆರಿಸುತ್ತಿದ್ದೆ. ಇವರ ಕೈಯಲ್ಲಿ ಚಹಾದ ಬಶಿ ಹಾಗೇ ನಿಂತಿತು.  ಆಮೇಲೆ ಎದ್ದು ಹೋಗಿ ಒಂದೊಂದಾಗಿ ಆರೂ ಮಗ್ಗ ನಿಲ್ಲಿಸಿದರು. ಹಬ್ಬದ ದಿನ ಬಿಟ್ಟರೆ ಈ ಮನೆಯಲ್ಲಿ ಹಗಲಲ್ಲಿ ಅಂಥ ಸದ್ದಿಲ್ಲದ ಹೊತ್ತು ನಾನು ಕೇಳಿರಲಿಲ್ಲ.

ನಿಮಗೆ ಲೆಕ್ಕ ನಾನು ಹೇಳಬೇಕೆ? ನಮ್ಮ ಒಂದು ನಿಮಿಷ ಐವತ್ತೇ ಸೆಕೆಂಡು ಆಗಿತ್ತು. ಎಂಬತ್ತೆಂಟು ಎಂದು ಬರೆದದ್ದು ನೂರಾ ಆರರ ಹತ್ತಿರ. ನನ್ನ ಕಿವಿಗೆ ಗೊತ್ತಾಗಿತ್ತು, ರೋಗ ಎಂದುಕೊಂಡೆ. ಅತ್ತೆಗೂ ಗೊತ್ತಾಗಿತ್ತು. “ಮಣಿ ಬಡಾಬಡಾ ಸರಿಸಿ ಸರಿಸಿ ನನ್ನ ಬೆರಳ ಬ್ಯಾನಿ ಬರತಿದ್ದು. ಮುದುಕಿ ಆದ್ನೆಲ್ಲಾ, ಅದಕ್ಕ ಅಂತ ತಿಳಕೊಂಡ್ನಿ” ಎಂದು ಅತ್ತರು.

ಇವರು ಅಳಲಿಲ್ಲ. ಸ್ನಾನ ಮಾಡಿ ಬಸದಿಗೆ ಹೋದರು. ಪಾರ್ಶ್ವನಾಥನ ಮುಂದೆ ನೇಮ ಹಿಡಿದು ಬಂದರು. ಉಳಿದರ್ಧ ಗಡ್ಡೆ ಹೊರಗೆ ಬಂದು ನಾನು ಮನೆಗೆ ಮರಳುವವರೆಗೆ ದಿನಕ್ಕೆ ಒಂದೇ ಊಟ; ಉಪ್ಪಿಲ್ಲ, ತುಪ್ಪವಿಲ್ಲ, ಹಾಲಿಲ್ಲ. ಅಂಥ ನೇಮವನ್ನು ಹಿಂದಕ್ಕೆ ಕೊಡಲಾಗುವುದಿಲ್ಲ ಎಂದು ನಿಮಗೂ ಗೊತ್ತು.

ಗಾಯ ಚೆನ್ನಾಗಿ ಕೂಡಿದೆ. ಎಣ್ಣೆಯನ್ನು ಇವರೇ ತಿಕ್ಕುತ್ತಾರೆ. ಎರಡನೆಯ ಸಲವೂ ಅದೇ ಗೆರೆಯ ಮೇಲೆ ಕೊಯ್ಯುತ್ತಾರಂತೆ, ಅದಕ್ಕೇ ಮೆತ್ತಗಿಡಬೇಕಂತೆ.

ದೀವಳಿಗೆಗೆ ಬಂದಾಗ ನಿಮ್ಮ ಕೈಯಲ್ಲಿ ಗಡಿಯಾರವಿತ್ತಲ್ಲ, ಅಣ್ಣಾ. ಒಂದು ಸಲ, ಸುಮ್ಮನೆ, ಎಣಿಸಿ ನೋಡಿದ್ದರೆ! ಆದರೆ ನಿಮಗೆ ಹೇಗೆ ಹೊಳೆಯಬೇಕು.

ಮಾಣಿಕ


ಗಡಹಿಂಗ್ಲಜ
4 ಮಾರ್ಚ್ 1965

ಮಾಣಿಕಾ,

ರಜಿಸ್ಟರ್ ಪೋಸ್ಟಿನಲ್ಲಿ ನನ್ನ ಕೈಗಡಿಯಾರ ಕಳಿಸಿದ್ದೇನೆ. ಬೆಳಿಗ್ಗೆ ಒಮ್ಮೆ ಕೀಲಿ ಕೊಟ್ಟರೆ ಸಾಕು. ಸೆಕೆಂಡಿನ ಮುಳ್ಳು ಕೆಳಗಿನ ಚಿಕ್ಕ ವೃತ್ತದಲ್ಲಿದೆ. ಮುಳ್ಳು ಅರವತ್ತಕ್ಕೆ ಬಂದಾಗ ಶುರು ಮಾಡಿ, ಮತ್ತೆ ಅಲ್ಲಿಗೇ ಬಂದಾಗ ನಿಲ್ಲಿಸು.

ನಿನ್ನ ಕೊನೆಯ ಮಾತಿಗೆ ಏನು ಬರೆಯಲಿ ಎಂದು ಎರಡು ದಿನ ಕೂತಿದ್ದೆ. ಎಣಿಸಬಹುದಾಗಿತ್ತು, ನಿಜ.

ಜಿನಪಾಲರ ನೇಮ ನನಗೆ ಇಷ್ಟವಾಗಲಿಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆ ಎಂಬುದು ಸರಿ. ಆದರೆ ಆ ಶಿಕ್ಷೆಯ ಅವಧಿಯನ್ನು ನಿನ್ನ ನಾಡಿಗೆ ಕಟ್ಟಿದ್ದಾರೆ. ಅದು ನಿನ್ನ ಮೇಲೆ ಏನು ಹೊರಿಸುತ್ತದೆ ಎಂದು ಅವರು ನೋಡಿದಂತಿಲ್ಲ. ನೀನೇ ಅವರಿಗೆ ಹೇಳಬೇಕು.

ಜಿನದತ್ತ


ಇಚಲಕರಂಜಿ
20 ಏಪ್ರಿಲ್ 1965

ಅಣ್ಣಾ,

ಗಡಿಯಾರ ಬಂತು. ಈಗ ನಾನೇ ಎಣಿಸುತ್ತೇನೆ. ಇವರು ನನ್ನ ನಾಡಿ ಹಿಡಿಯಲು ಒಪ್ಪುವುದಿಲ್ಲ. 104, 106, 103, 105, 107, 104. ಗುಳಿಗೆ ಮೊದಲಿನಂತೆ ಹತ್ತುತ್ತಿಲ್ಲವಂತೆ. ಡಾಕ್ಟರು ಈ ಸಲ ಎಂಬತ್ತೈದರ ಕೆಳಗೆ ಎಂದಿದ್ದಾರೆ. ಗಡಿಯಾರದ ಮೇಲೆ ಎಣಿಸುತ್ತೇವೆ ಎಂದಾಗ ಬಹಳ ಸಂತೋಷಪಟ್ಟರು.

ಬೆಳಿಗ್ಗೆ ನಾನು ಎಣಿಸುವಾಗ ಇವರು ಬಾಗಿಲ ಹೊರಗೆ ನಿಂತಿರುತ್ತಾರೆ. ಕೇಳುವುದಿಲ್ಲ. ನಾನು ಹೇಳುತ್ತೇನೆ. “ಹೂಂ” ಎಂದು ಕೆಳಗಿಳಿದು ಮಗ್ಗ ಹಚ್ಚುತ್ತಾರೆ. ಅಂಗಿಯೊಳಗೆ ಮೈ ಇಲ್ಲ. ನಿಮ್ಮ ಮಾತನ್ನು ಹೇಳಿದೆ. “ಮಾಸ್ತರ ಪುಸ್ತಕದ ಮಾತ ಹೇಳ್ತಾರ. ನಿನ್ನ ಕುತ್ತಿಗಿ ಕೊಯ್ಸಿದಾಂವ ನಾ” ಎಂದರು. ಬಸದಿಯ ಉಪಾಧ್ಯೆಯವರನ್ನೂ ಕೇಳಿದೆ. ಒಮ್ಮೆ ಹಿಡಿದ ನೇಮ ಹಿಡಿದವನದೇ ಅಲ್ಲ, ಬಿಡಲು ಅವನಿಗೂ ಬರುವುದಿಲ್ಲ ಎಂದರು.

ಮೊನ್ನೆ ಮಧ್ಯಾಹ್ನ ಇವರು ನಡೆಯುತ್ತಿದ್ದ ಮಗ್ಗದ ಮೇಲೆ ಕವುಚಿ ಬಿದ್ದರು. ರಾಯಪ್ಪ ಮಗ್ಗ ತಿರುಗಿಸುವ ಪಟ್ಟಾ ತಪ್ಪಿಸಿ ಹಿಡಿದುಕೊಂಡ. ಇಲ್ಲದಿದ್ದರೆ ಕೈ ಹೋಗುತ್ತಿತ್ತು. “ಅಕ್ಕಾರ, ನಮ್ಮ ಮಾಲಕ್ರಿಗೆ ಒಂದು ರೊಟ್ಟಿಗೆ ಉಪ್ಪರ ಹಚ್ರಿ, ದೇವರು ನೋಡೂದಿಲ್ಲ, ನಾ ಅಡ್ಡ ನಿಂದರ್ತೇನಿ” ಎಂದ. ಅತ್ತೆ ನಕ್ಕರು, ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡರು.

ಹೊತ್ತು ಮುಳುಗುವ ಮೊದಲು ಇವರು ಗಾಯಕ್ಕೆ ಎಣ್ಣೆ ತಿಕ್ಕುತ್ತಾರೆ. ಬೆರಳು ಹಗುರಾಗಿದೆ, ತಾಕಿದ್ದೇ ಗೊತ್ತಾಗುವುದಿಲ್ಲ. ಕಲೆ ಬೆಳ್ಳಗೆ ದಾರದಂತಾಗಿದೆ. ನೋಡಿದವರೆಲ್ಲ ಹೊಗಳುತ್ತಾರೆ.

ಮಾಣಿಕ


ಇಚಲಕರಂಜಿ
22 ಮೇ 1965

ಅಣ್ಣಾ,

ಒಳ್ಳೆಯ ಸುದ್ದಿ. ಗುಳಿಗೆ ಹತ್ತಿತು. 95, 94, 93, 92, 91, 90, 89, 88, 87, 86, 85, 84, 84, 83. ಡಾಕ್ಟರಿಗೆ ವಹಿ ತೋರಿಸಿ ಬಂದೆವು. ಹತ್ತು ದಿನ ಹೀಗೇ ನಿಂತರೆ ಅಯೋಡಿನ್ ಜೂನ್ ಒಂದರಿಂದ, ಶಸ್ತ್ರಕ್ರಿಯೆ ಸೋಮವಾರ ಜೂನ್ ಹದಿನಾಲ್ಕು, ಬೆಳಿಗ್ಗೆ ಎಂಟಕ್ಕೆ. ಹೋದ ಸಲದ ತಪ್ಪು ಎಲ್ಲಿತ್ತೆಂದು ತಿಳಿದಿದೆ, ಈ ಸಲ ಗಡಿಯಾರವಿದೆ, ಇನ್ನು ಚಿಂತೆಯಿಲ್ಲ ಎಂದರು.

ಇವರು ದಿನ ಎಣಿಸುತ್ತಿದ್ದಾರೆ. ನಾನು ಮನೆಗೆ ಬಂದ ದಿನ ಏನು ಅಡಿಗೆ ಎಂದು ಅತ್ತೆ ಈಗಲೇ ಕೇಳುತ್ತಾರೆ. ಇವರು ಹೇಳಿದ್ದು ಒಂದೇ: “ಉಪ್ಪ ಹಚ್ಚಿದ್ದು ಏನಾದ್ರೂ.”

ನೀವು ಬರುವ ಅವಸರ ಮಾಡಬೇಡಿ.

ಮಾಣಿಕ


ಗಡಹಿಂಗ್ಲಜ
13 ಜೂನ್ 1965, ರವಿವಾರ ಸಂಜೆ

ಮಾಣಿಕಾ,

ನಮ್ಮ ಅಕಿವಾಟದ ಹೊಲದ ಕೆಲಸ ಮುಗಿಸಿ ಈಗ ಬಂದೆ. ನಿನ್ನ ಪತ್ರ ಬಾಗಿಲ ಕೆಳಗೆ ಮೂರು ವಾರದಿಂದ ಬಿದ್ದಿತ್ತು. ಶಾಲೆಯ ಸುಟಿಯಲ್ಲಿ ನಾನು ಅಕಿವಾಟದಲ್ಲಿರುತ್ತೇನೆಂದು ನಿನಗೆ ಗೊತ್ತಿತ್ತು. ಆದರೂ ಇಲ್ಲಿಗೆ ಬರೆದೆ.

ಅಂಕಿಗಳನ್ನು ಗ್ರಾಫಿಗೆ ಹಾಕಿದೆ. ಹಾಕುವ ಅಗತ್ಯವಿರಲಿಲ್ಲ. ನಾಡಿ ದಿನಕ್ಕೊಂದರಂತೆ ಮೆಟ್ಟಿಲಿಳಿಯುವುದಿಲ್ಲ. ಅದು ಇಳಿಯುತ್ತದೆ, ಏರುತ್ತದೆ, ಒಂದು ದಿನ ಹಟ ಮಾಡಿ ನಿಲ್ಲುತ್ತದೆ. ನಿನ್ನ ಏಪ್ರಿಲಿನ ಅಂಕಿಗಳು ಹಾಗಿದ್ದವು. ಇವು ಯಾರೋ ಕೂತು ಬರೆದವು. ಬಾಗಿಲ ಹೊರಗೆ ನಿಂತವರ ನೇಮ ಒಂದು ದಿನವಾದರೂ ಬೇಗ ಮುಗಿಯಲಿ ಎಂದು ಬರೆದವು. ಸಿಸ್ಟರ್ ಎಣಿಸಿದಾಗ ಹೆಚ್ಚು ಬಂದರೆ ಆಸ್ಪತ್ರೆಯ ಹೆದರಿಕೆ ಎನ್ನುತ್ತಾರೆ, ವಹಿ ನೋಡುತ್ತಾರೆ. ಈ ಸಲ ವಹಿಯನ್ನು ಅನುಮಾನಿಸಲು ಯಾರಿಗೂ ಕಾರಣವಿಲ್ಲ, ಏಕೆಂದರೆ ಗಡಿಯಾರವಿದೆ. ಗಡಿಯಾರ ಕಳಿಸಿದವನು ನಾನು.

ಇಂದು ತಂತಿ ಕಚೇರಿ ಮುಚ್ಚಿದೆ. ಓಣಿಯ ವಕೀಲರ ಮನೆಯ ಫೋನು ನಿನ್ನೆಯ ಗಾಳಿಮಳೆಗೆ ಸತ್ತಿದೆ. ಕೊನೆಯ ಬಸ್ಸು ನಾನು ಬರುವ ಮೊದಲೇ ಹೋಗಿತ್ತು. ನಾಳೆಯ ಮೊದಲ ಬಸ್ಸು ಐದೂವರೆಗೆ. ದಾರಿ ಸರಿಯಿದ್ದರೆ ಎಂಟಕ್ಕೆ ಕೊಲ್ಲಾಪುರ. ಈ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಬರುತ್ತೇನೆ. ಮೊದಲು ಡಾಕ್ಟರ ಕೈಗೆ ಕೊಡುತ್ತೇನೆ, ಆಮೇಲೆ ನಿನಗೆ. ಜಿನಪಾಲರ ನೇಮ ಇನ್ನೂ ಎಷ್ಟು ದಿನ ಬೆಳೆಯುತ್ತದೋ ಬೆಳೆಯಲಿ. ನೀನು ನನ್ನನ್ನು ಬೈಯಬಹುದು. ಬೈಯುವಷ್ಟು ದನಿ ಇರಲಿ.

ನಿನಗೆ ಅಂಥ ಸುಳ್ಳು ಹೇಳುವುದು ಎಷ್ಟು ಸುಲಭವಾಗಿತ್ತೆಂದು ನಾನು ಬಲ್ಲೆ. ದೀವಳಿಗೆಯ ಮಧ್ಯಾಹ್ನ ನಾನು ಎಣಿಸಿದ್ದೆ, ಮಾಣಿಕಾ. ನೀನು ಮಲಗಿದ್ದಾಗ, ಈಗ ನಿನ್ನ ಹತ್ತಿರವಿರುವ ಅದೇ ಗಡಿಯಾರದಿಂದ, ಪೂರ್ತಿ ಒಂದು ನಿಮಿಷ. ನೂರಾ ಆರು. ಮತ್ತೊಮ್ಮೆ ಎಣಿಸಿದೆ. ನೂರಾ ಆರು. ಪುಲ್ಲಿ ಹಾಕಿಸಿದ್ದನ್ನು ಜಿನಪಾಲರು ನನಗೆ ಬರೆದಿದ್ದರು. ಎರಡನ್ನೂ ಒಂದು ಕಡೆ ಇಟ್ಟು ನೋಡಲು ಗಣಿತವೂ ಬೇಕಿರಲಿಲ್ಲ. ಆಗ ಅವರು ವಹಿ ಹಿಡಿದು ಮೇಲೆ ಬಂದರು, ಹುಡುಗರ ಹಾಗೆ ನಗುತ್ತ. ಅವರ ಮನೆಯಲ್ಲಿ ನಿಂತು ಅವರ ಮಗ್ಗವನ್ನು ಸುಳ್ಳೆನ್ನುವುದು ನನಗೆ ಸಭ್ಯವಾಗಿ ಕಾಣಲಿಲ್ಲ. ಬರೆದರಾಯಿತು ಎಂದುಕೊಂಡೆ. ಬರೆಯಲು ಕೂತಾಗ ಹಬ್ಬದ ಗದ್ದಲ, ಅಣ್ಣ ಬಂದ ಸಂತೋಷ ಎಂದು ಏನೇನೋ ಬರೆದೆ. ಇಷ್ಟು ದಿನ ನಿನ್ನ ಗಂಡ ಉಪ್ಪಿಲ್ಲದೆ ಉಣ್ಣುತ್ತಿರುವುದು ನನ್ನ ಪಾಲಿನದು.

ಈಗ ನೀನು ಆಸ್ಪತ್ರೆಯ ಮಂಚದ ಮೇಲಿದ್ದೀಯ. ಹಾಲು, ಹನಿ ಎಲ್ಲ ಮುಗಿದಿರುತ್ತದೆ. ಮಂಗಳಸೂತ್ರ ತೋಳಿಗೆ ಹೋಗಿರುತ್ತದೆ. ಹೊರಗೆ ಮಳೆ ಹೆಚ್ಚುತ್ತಿದೆ. ಹಿರಣ್ಯಕೇಶಿಯ ಸೇತುವೆಯ ಮೇಲೆ ನೀರು ಬಂದರೆ ಬಸ್ಸು ಅಲ್ಲೇ ನಿಲ್ಲುತ್ತದೆ ಎಂದು ಪಕ್ಕದ ಮನೆಯವರು ಈಗಷ್ಟೇ ಹೇಳಿ ಹೋದರು. ನನ್ನ ನೂರಾ ಆರನ್ನು ಹೇಳಿದ್ದೇನೆ. ನೀನು ನಿನ್ನದನ್ನು ಹೇಳು. ಇವತ್ತು ಬೆಳಿಗ್ಗೆ, ಏಳುವ ಮುನ್ನ, ನಿಜವಾಗಿ ಎಷ್ಟು ಬಂತು?